ಕೂದಲು ನಿಲ್ಲಬೇಕಾದರೆ: ಟ್ಯಾಕ್ಸಿಡರ್ಮಿಗೂ ಮೊದಲು ಕಾಡಿನಲ್ಲಿ ನಡೆಯುವ ಕೆಲಸ

ಒಂದು ಕಾಲದಲ್ಲಿ ಇಂಡಿಯಾದ ಮೂಲೆಮೂಲೆಯಿಂದ ಹುಲಿ, ಚಿರತೆಗಳ ಚರ್ಮ ಮೈಸೂರಿಗೆ ಬರುತ್ತಿತ್ತು. ಕಾರಣ, ಸತ್ತ ಪ್ರಾಣಿಯ ಚರ್ಮವನ್ನು ಜೀವಂತ ಪ್ರಾಣಿಯಂತೆ ಕಾಣುವ ಹಾಗೆ ನಿಲ್ಲಿಸುವ ಕೆಲಸ, ಅಂದರೆ ಟ್ಯಾಕ್ಸಿಡರ್ಮಿ, ಮಾಡುತ್ತಿದ್ದ ವ್ಯಾನ್ ಇಂಗೆನ್ ಆ್ಯಂಡ್ ವ್ಯಾನ್ ಇಂಗೆನ್ ಎಂಬ ಸಂಸ್ಥೆ. ಯೂಜಿನ್ ವ್ಯಾನ್ ಇಂಗೆನ್ ಅವರು 1900ರ ಸುಮಾರಿಗೆ ಅದನ್ನು ಶುರು ಮಾಡಿದರು. ಆಮೇಲೆ ಅವರ ಮಕ್ಕಳು ನಡೆಸಿಕೊಂಡು ಹೋದರು. 1999ರಲ್ಲಿ ಬಾಗಿಲು ಮುಚ್ಚುವ ಹೊತ್ತಿಗೆ ಅಲ್ಲಿ ನಲವತ್ತು ಸಾವಿರಕ್ಕೂ ಹೆಚ್ಚು ಹುಲಿ, ಚಿರತೆಗಳ ಕೆಲಸ ಆಗಿತ್ತು. ಆ ಸಂಖ್ಯೆ ಓದಿದಾಗ ಇವತ್ತಿನ ನಮಗೆ ಎದೆ ಭಾರವಾಗುತ್ತದೆ. ಆದರೆ ಅವರ ಕೈಕೆಲಸ ಎಂಥದ್ದು ಅಂದರೆ, ಅವರು ಮಾಡಿದ ಹುಲಿಯ ಮುಖವನ್ನು ನೋಡಿದವರು ಅರೆಕ್ಷಣ ಉಸಿರು ಹಿಡಿಯುತ್ತಾರೆ.

ಇಷ್ಟು ಜೀವಂತವಾಗಿ ಕಾಣುವ ಪ್ರಾಣಿಯನ್ನು ಮಾಡಿದ್ದು ಮೈಸೂರಿನ ಕಲಾವಿದ ಅಂತ ನಾವು ಅಂದುಕೊಳ್ಳುತ್ತೇವೆ. ಅರ್ಧ ನಿಜ. ಉಳಿದರ್ಧ ಕೆಲಸ ಮುಗಿದಿರುತ್ತಿದ್ದುದು ನೂರಾರು ಮೈಲಿ ದೂರದ ಕಾಡಿನ ಬಿಡಾರದಲ್ಲಿ, ಪ್ರಾಣಿ ಸತ್ತ ಮೊದಲ ಕೆಲವೇ ಗಂಟೆಗಳಲ್ಲಿ. ಚಾಕು ಹಿಡಿದವನು ಅಲ್ಲಿ ತಪ್ಪಿದರೆ ಎಂಥ ಕಲಾವಿದನೂ ಅದನ್ನು ಸರಿಮಾಡಲಾರ. ಅದಕ್ಕೇ ವ್ಯಾನ್ ಇಂಗೆನ್‌ನವರು ಶಿಕಾರಿಗಳಿಗಾಗಿ ಸೂಚನೆಗಳನ್ನು ಅಚ್ಚು ಹಾಕಿಸಿ ಕೊಡುತ್ತಿದ್ದರು. ಆ ಮೊದಲ ಗಂಟೆಗಳಲ್ಲಿ ಏನು ನಡೆಯುತ್ತದೆ, ಯಾಕೆ ಅಷ್ಟು ಅವಸರ ಅನ್ನುವುದನ್ನು ಇಲ್ಲಿ ಬಿಡಿಸಿ ಹೇಳುತ್ತೇನೆ.

ಮೊದಲು ಒಂದು ತಪ್ಪು ತಿಳಿವಳಿಕೆಯನ್ನು ಬದಿಗಿಡೋಣ. ನಾವು ‘ಸ್ಟಫ್ ಮಾಡಿದ ಹುಲಿ’ ಅನ್ನುತ್ತೇವೆ. ಸತ್ತ ಪ್ರಾಣಿಯ ಹೊಟ್ಟೆಯೊಳಗೆ ಹುಲ್ಲೋ ಹತ್ತಿಯೋ ತುಂಬಿ ಹೊಲಿದಿದ್ದಾರೆ ಅನ್ನುವ ಚಿತ್ರ ತಲೆಯಲ್ಲಿ ಇರುತ್ತದೆ. ತುಂಬಾ ಹಿಂದೆ ಹಾಗೂ ಮಾಡುತ್ತಿದ್ದರು. ಒಳ್ಳೆಯ ಟ್ಯಾಕ್ಸಿಡರ್ಮಿಯಲ್ಲಿ ಮಾಂಸ ಒಳಗೆ ಇರುವುದಿಲ್ಲ, ಎಲುಬೂ ಹೆಚ್ಚಾಗಿ ಇರುವುದಿಲ್ಲ. ಒಳಗಿರುವುದು ಒಂದು ಬೊಂಬೆ. ವ್ಯಾನ್ ಇಂಗೆನ್‌ನಲ್ಲಿ ಬೇರೆ ಬೇರೆ ಅಳತೆಯ ಅಚ್ಚುಗಳಿದ್ದವು. ಅವುಗಳಲ್ಲಿ ಪೇಪರ್ ಮ್ಯಾಶೆ, ಅಂದರೆ ಅಂಟು ಬೆರೆಸಿದ ಕಾಗದದ, ಬೊಂಬೆ ಎರಕ ಹೊಯ್ಯುತ್ತಿದ್ದರು. ಇವತ್ತು ಅಮೆರಿಕ, ಯುರೋಪಿನಲ್ಲಿ ಹಗುರವಾದ ಫೋಮ್ ಬೊಂಬೆಗಳು ಸಿಗುತ್ತವೆ. ಕಣ್ಣು ಗಾಜಿನದು. ನಾಲಿಗೆ, ವಸಡು ಎಲ್ಲ ಮಾಡಿ ಕೂರಿಸಿದವು. ಅಂದರೆ ನಿಜವಾದ ಪ್ರಾಣಿಯಿಂದ ಉಳಿಯುವುದು ಚರ್ಮ ಮತ್ತು ಕೂದಲು. ಜೊತೆಗೆ ಕೊಂಬು, ಉಗುರು. ಕೆಲವೊಮ್ಮೆ ಹಲ್ಲು. ಬೊಂಬೆ ಕೆಟ್ಟರೆ ಇನ್ನೊಂದು ಮಾಡಬಹುದು. ಚರ್ಮ ಇರುವುದು ಒಂದೇ.

ಆ ಚರ್ಮಕ್ಕೆ ಏನಾಗುತ್ತದೆ ಅನ್ನುವುದೇ ಈ ವಿಷಯದ ತಿರುಳು.

ಪ್ರಾಣಿಯ ಮೈ ಬದುಕಿದ್ದಾಗ ಸುಮಾರು 38–39 ಡಿಗ್ರಿ ಸೆಲ್ಸಿಯಸ್ ಬಿಸಿ ಇರುತ್ತದೆ. ಸತ್ತ ಕೂಡಲೇ ರಕ್ತ ಓಡುವುದು ನಿಲ್ಲುತ್ತದೆ, ಆದರೆ ಮೈ ತಣ್ಣಗಾಗುವುದಿಲ್ಲ. ದಪ್ಪ ತುಪ್ಪಳ ಇರುವ ಪ್ರಾಣಿಯಾದರೆ ಕಂಬಳಿ ಹೊದ್ದ ಹಾಗೆ ಒಳಗೇ ಬಿಸಿ ಉಳಿದುಬಿಡುತ್ತದೆ. ಬ್ಯಾಕ್ಟೀರಿಯಾಗಳಿಗೆ ಬೇಕಾದದ್ದು ಇದೇ: ಬೆಚ್ಚಗಿನ ಜಾಗ, ನೀರಿನಂಶ, ಆಹಾರ. ಅನುಕೂಲ ಸಿಕ್ಕಿದರೆ ಕೆಲವು ಬ್ಯಾಕ್ಟೀರಿಯಾ ಇಪ್ಪತ್ತು ನಿಮಿಷಕ್ಕೊಮ್ಮೆ ಎರಡರಷ್ಟಾಗುತ್ತವೆ. ಲೆಕ್ಕ ಹಾಕಿ ನೋಡಿ: ಒಂದು ಗಂಟೆಗೆ ಎಂಟು ಪಟ್ಟು, ನಾಲ್ಕು ಗಂಟೆಗೆ ನಾಲ್ಕು ಸಾವಿರ ಪಟ್ಟು. ಇದರ ಜೊತೆಗೆ ಚರ್ಮದ ಜೀವಕೋಶಗಳೊಳಗಿನ ಕಿಣ್ವಗಳು ತಮ್ಮ ಕೋಶವನ್ನೇ ಕರಗಿಸಲು ಶುರು ಮಾಡುತ್ತವೆ.

ಚರ್ಮದಲ್ಲಿ ಎರಡು ಪದರ. ಮೇಲಿನದು ತೆಳು, ಕೆಳಗಿನದು ಗಟ್ಟಿ. ಕೂದಲಿನ ಬುಡ ಒಂದು ಸಣ್ಣ ಗೂಡಿನಲ್ಲಿ ಕೂತಿರುತ್ತದೆ, ಆ ಗೂಡಿಗೆ ಒಳಗಿನ ಪದರವೇ ಆಸರೆ. ಕೊಳೆತ ಶುರುವಾದಾಗ ಈ ಎರಡು ಪದರದ ನಡುವಿನ ಹಿಡಿತ ಸಡಿಲವಾಗುತ್ತದೆ. ಹೊರಗಿನಿಂದ ನೋಡಿದರೆ ಏನೂ ಆಗಿಲ್ಲ ಅನ್ನಿಸುತ್ತದೆ, ವಾಸನೆಯೂ ಬಂದಿರುವುದಿಲ್ಲ. ಆದರೆ ಬೆರಳಲ್ಲಿ ಹಿಡಿದು ಮೆಲ್ಲಗೆ ಎಳೆದರೆ ಕೂದಲು ಗೊಂಚಲಾಗಿ ಕೈಗೆ ಬರುತ್ತದೆ. ಅಮೆರಿಕದ ಬೇಟೆಗಾರರು ಇದಕ್ಕೆ ‘ಸ್ಲಿಪ್’ ಅನ್ನುತ್ತಾರೆ. ಒಮ್ಮೆ ಸಡಿಲವಾದ ಗೂಡನ್ನು ಮತ್ತೆ ಬಿಗಿ ಮಾಡುವ ಔಷಧಿ ಇಲ್ಲ.

ನಮ್ಮ ಕಡೆ ಚರ್ಮ ಹದ ಮಾಡುವವರಿಗೆ ಈ ಸಂಗತಿ ಚೆನ್ನಾಗಿ ಗೊತ್ತು. ಅವರು ತೊಗಲನ್ನು ಸುಣ್ಣದ ಗುಂಡಿಯಲ್ಲಿ ನೆನೆಹಾಕುವುದೇ ಕೂದಲು ಸಲೀಸಾಗಿ ಬರಲಿ ಅಂತ. ಆಮೇಲೆ ತಂಗಡಿ ಗಿಡದ ತೊಗಟೆಯ ಕಷಾಯದಲ್ಲಿ ಹದ ಹಾಕುತ್ತಾರೆ. ಚಪ್ಪಲಿ ಮಾಡುವವನಿಗೆ ಕೂದಲು ಹೋಗಬೇಕು, ಟ್ಯಾಕ್ಸಿಡರ್ಮಿಸ್ಟ್‌ಗೆ ಒಂದೊಂದು ಕೂದಲೂ ನಿಲ್ಲಬೇಕು. ಒಬ್ಬನು ಬೇಕೆಂದೇ ಮಾಡುವುದನ್ನು ಇನ್ನೊಬ್ಬನು ಜೀವ ಕೈಯಲ್ಲಿ ಹಿಡಿದು ತಡೆಯಬೇಕು.

ಹಾಗಾದರೆ ತಡೆಯುವುದು ಹೇಗೆ? ಬಿಸಿ ಇಳಿಸಬೇಕು, ನೀರು ತೆಗೆಯಬೇಕು, ಹೊತ್ತು ಕಳೆಯಬಾರದು.

ಬಿಸಿಯ ಮಾತು ಮೊದಲು. ಇವತ್ತು ಕಾನೂನಿನ ಪ್ರಕಾರವೇ ಬೇಟೆ ನಡೆಯುವ ಅಮೆರಿಕವನ್ನು ತೆಗೆದುಕೊಳ್ಳಿ. ಅಲ್ಲಿ ಜಾಸ್ತಿ ಬೇಟೆಯಾಗುವುದು ಬಿಳಿ ಬಾಲದ ವೈಟ್‌ಟೇಲ್ ಜಿಂಕೆ. ಬಂದೂಕಿನ ಋತು ಬಹಳ ರಾಜ್ಯಗಳಲ್ಲಿ ನವೆಂಬರಿನಲ್ಲಿ. ಆಗ ಉತ್ತರದ ಕಡೆ ಹವೆಯೇ ಫ್ರಿಡ್ಜ್ ಇದ್ದ ಹಾಗೆ. ಆದರೆ ಬಿಲ್ಲಿನ ಬೇಟೆ ಸೆಪ್ಟೆಂಬರಿನಲ್ಲೇ ಶುರುವಾಗುತ್ತದೆ. ಆಗಿನ್ನೂ ಸೆಕೆ. ಜಿಂಕೆ ಹಾಳಾಗುವುದು ಇಂಥ ದಿನಗಳಲ್ಲೇ ಹೆಚ್ಚು. ತಿಳಿದವರು ಮೊದಲು ಹೊಟ್ಟೆಯೊಳಗಿನದನ್ನು ತೆಗೆದು ಬಿಸಿ ಹೊರಹೋಗಲು ಬಿಡುತ್ತಾರೆ, ನೆರಳಿಗೆ ಸಾಗಿಸುತ್ತಾರೆ. ದೂರ ಹೋಗಬೇಕಾದರೆ ಎದೆಗೂಡಿನೊಳಗೆ ಐಸ್ ಇಡುತ್ತಾರೆ. ಬಿಡಿ ಐಸ್ ಅಲ್ಲ, ಬಾಟಲಿಯಲ್ಲಿ ನೀರು ತುಂಬಿ ಗಟ್ಟಿ ಮಾಡಿದ್ದು. ಯಾಕೆ ಗೊತ್ತಾ? ಬಿಡಿ ಐಸ್ ಕರಗಿದರೆ ಚರ್ಮ ನೆನೆಯುತ್ತದೆ. ತಂಪಿನ ಜೊತೆ ತೇವವನ್ನೂ ಕೊಟ್ಟರೆ ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಿತ್ತುಕೊಂಡ ಹಾಗೆ. ಪ್ಲಾಸ್ಟಿಕ್ ಶೀಟಿನಲ್ಲಿ ಬಿಗಿಯಾಗಿ ಸುತ್ತಿ ಕಾರಿನ ಡಿಕ್ಕಿಗೆ ಹಾಕುವುದಂತೂ ದೊಡ್ಡ ತಪ್ಪು. ಬಿಸಿಯನ್ನೂ ಬೆವರನ್ನೂ ಒಟ್ಟಿಗೇ ಕಟ್ಟಿಹಾಕಿದ ಹಾಗಾಗುತ್ತದೆ.

ಹಳೆಯ ಕಾಲದ ಹುಲಿ ಶಿಕಾರಿಗಳ ಕಷ್ಟ ಇನ್ನೂ ಹೆಚ್ಚು. ಬೇಸಿಗೆಯಲ್ಲಿ ಕಾಡು ಒಣಗಿ ಬಯಲಾಗುತ್ತದೆ, ಹುಲಿ ನೀರಿನ ಹತ್ತಿರವೇ ಇರುತ್ತದೆ. ಹಾಗಾಗಿ ಶಿಕಾರಿಗೆ ಅನುಕೂಲದ ಕಾಲ ಸುಡು ಬೇಸಿಗೆ. ಐಸ್ ಇಲ್ಲ, ಹತ್ತಿರದಲ್ಲಿ ರೈಲ್ವೆ ಸ್ಟೇಷನ್ ಇಲ್ಲ. ಸಂಜೆ ಬಿದ್ದ ಹುಲಿಯನ್ನು ‘ಬೆಳಿಗ್ಗೆ ನೋಡೋಣ’ ಅಂದರೆ ಮುಗಿಯಿತು. ಲಾಂದ್ರದ ಬೆಳಕಲ್ಲೇ ಸುಲಿಯಬೇಕಿತ್ತು.

ಸುಲಿಯುವ ಮೊದಲು ಅಳತೆ. ಚರ್ಮ ಬಿಚ್ಚಿದ ಮೇಲೆ ಅದು ಬಟ್ಟೆಯಿದ್ದ ಹಾಗೆ, ಎಳೆದಷ್ಟು ಬರುತ್ತದೆ. ಹುಲಿ ಎಷ್ಟುದ್ದ ಇತ್ತು ಅನ್ನುವುದಕ್ಕೆ ಚರ್ಮದ ಉದ್ದ ಸಾಕ್ಷಿಯೇ ಅಲ್ಲ. ಶಿಕಾರಿಗಳು ಮೂಗಿನ ತುದಿಗೊಂದು, ಬಾಲದ ತುದಿಗೊಂದು ಗೂಟ ಹೊಡೆದು, ಹುಲಿಯನ್ನು ಪಕ್ಕಕ್ಕೆ ಸರಿಸಿ, ಎರಡು ಗೂಟದ ನಡುವಿನ ನೇರ ಅಂತರ ಅಳೆಯುತ್ತಿದ್ದರು. ಕೆಲವರು ಬೆನ್ನಿನ ಉಬ್ಬುತಗ್ಗಿನ ಮೇಲೆ ಟೇಪ್ ಎಳೆಯುತ್ತಿದ್ದರು. ಹಾಗೆ ಅಳೆದರೆ ಕೆಲವು ಇಂಚು ಜಾಸ್ತಿ ಬರುತ್ತದೆ. ಯಾರ ಹುಲಿ ದೊಡ್ಡದು ಅನ್ನುವ ಜಗಳ ಆ ಕಾಲದಲ್ಲಿ ಬೇಕಾದಷ್ಟು ನಡೆದಿತ್ತು. ಟ್ಯಾಕ್ಸಿಡರ್ಮಿಸ್ಟ್‌ಗೆ ಆ ಜಗಳ ಬೇಕಿಲ್ಲ. ಸರಿಯಾದ ಬೊಂಬೆ ಆರಿಸಲು ಅವನಿಗೆ ಬೇಕಾದದ್ದು ಮೂಗಿನ ತುದಿಯಿಂದ ಕಣ್ಣಿನ ಮೂಲೆಗೆ ಎಷ್ಟು, ಕಿವಿಯ ಹಿಂದೆ ಕುತ್ತಿಗೆಯ ಸುತ್ತಳತೆ ಎಷ್ಟು, ಹೆಗಲ ಹತ್ತಿರ ಎಷ್ಟು ಅನ್ನುವುದು. ಈಗ ಕೈಯಲ್ಲೇ ಫೋನ್ ಇರುವುದರಿಂದ ಮುಖವನ್ನು ಎದುರಿನಿಂದ, ಎರಡೂ ಬದಿಯಿಂದ ಫೋಟೊ ತೆಗೆಯುವುದು ಎರಡು ನಿಮಿಷದ ಕೆಲಸ.

ಇನ್ನು ಚಾಕು. ಜಿಂಕೆಯ ತಲೆ ಮತ್ತು ಹೆಗಲನ್ನು ಮಾತ್ರ ಗೋಡೆಗೆ ಹಾಕುವುದಾದರೆ ಬೇಕಾದ ಚರ್ಮಕ್ಕೆ ‘ಕೇಪ್’ ಅನ್ನುತ್ತಾರೆ. ಹೊಸಬರು ಅದನ್ನು ಯಾವಾಗಲೂ ಗಿಡ್ಡ ಕತ್ತರಿಸುತ್ತಾರೆ. ಮುಂಗಾಲಿನ ಹಿಂದಕ್ಕೆ, ಎದೆಗೂಡಿನ ನಡುಭಾಗದಲ್ಲಿ, ಮೈಸುತ್ತ ಉಂಗುರದಂತೆ ಕೊಯ್ಯಬೇಕು. ಹೆಚ್ಚಾದರೆ ಟ್ಯಾಕ್ಸಿಡರ್ಮಿಸ್ಟ್ ಕತ್ತರಿಸಿ ತೆಗೆಯುತ್ತಾನೆ, ಕಡಿಮೆಯಾದರೆ ಅವನು ಎಲ್ಲಿಂದ ತಂದಾನು? ಹೊಟ್ಟೆ ಸೀಳುವಾಗ ಚಾಕು ಎದೆಮೂಳೆಯ ಹತ್ತಿರ ಬಂದ ಕೂಡಲೇ ನಿಲ್ಲಬೇಕು. ಗಂಟಲು ಕೊಯ್ಯಲೇಬಾರದು. ಗಂಟಲ ಮೇಲಿನ ಬಿಳಿ ಕೂದಲಿನ ನಡುವೆ ಹೊಲಿಗೆ ಬಿದ್ದರೆ ಎಷ್ಟು ಜಾಣತನದಿಂದ ಹೊಲಿದರೂ ಎದ್ದು ಕಾಣುತ್ತದೆ. ಕುತ್ತಿಗೆಗೆ ಹಗ್ಗ ಹಾಕಿ ಎಳೆಯುವುದೂ ಬೇಡ. ನೆಲಕ್ಕೆ ಉಜ್ಜಿದ ಕಡೆ ಜಿಂಕೆಯ ಕೂದಲು ಮುರಿದುಹೋಗುತ್ತದೆ. ಎತ್ತಿಕೊಂಡು ಹೋಗಬೇಕು, ಇಲ್ಲವೇ ಚಾಪೆಯಂಥದ್ದರ ಮೇಲಿಟ್ಟು ಎಳೆಯಬೇಕು.

ಹುಲಿಯಂಥ ಇಡೀ ಚರ್ಮದ ಕೆಲಸ ಬೇರೆ. ಗದ್ದದಿಂದ ಬಾಲದ ತನಕ ಹೊಟ್ಟೆಯ ನಡುಗೆರೆಯಲ್ಲಿ ಒಂದು ನೇರ ಸೀಳು, ಕಾಲುಗಳ ಒಳಬದಿಯಲ್ಲಿ ನಾಲ್ಕು ಸೀಳು. ಗೆರೆ ಸೊಟ್ಟಗಾದರೆ ಚರ್ಮ ಹರಡಿದಾಗ ಒಂದು ಮಗ್ಗುಲು ಅಗಲ, ಇನ್ನೊಂದು ಮಗ್ಗುಲು ಕಿರಿದು. ಉಗುರುಗಳು ಚರ್ಮದ ಜೊತೆಗೇ ಬರಬೇಕು, ಅದಕ್ಕೆ ಬೆರಳಿನ ಕೊನೆಯ ಕೀಲಿನ ತನಕ ಬಿಡಿಸಿಕೊಂಡು ಹೋಗಬೇಕು. ಬಾಲವನ್ನು ತುದಿಯ ತನಕ ಸೀಳಿ ಒಳಗಿನ ಎಲುಬು ತೆಗೆಯದಿದ್ದರೆ ಮೊದಲು ಕೊಳೆಯುವುದು ಅದೇ. ಇಷ್ಟರ ನಡುವೆ ಒಬ್ಬರು ಮುಖದ ಹತ್ತಿರ ಕಾವಲು ಕೂರಬೇಕಿತ್ತು. ಹುಲಿ ಮೀಸೆಯಲ್ಲಿ ಮಾಟದ ಶಕ್ತಿ ಇದೆ, ವಿಷ ಇದೆ ಅನ್ನುವ ನಂಬಿಕೆಗಳಿದ್ದವು. ಕಣ್ಣು ತಪ್ಪಿದರೆ ಮೀಸೆ ಮಾಯ.

ಎಲ್ಲಕ್ಕಿಂತ ಸೂಕ್ಷ್ಮ ಜಾಗ ಮುಖ. ಹಾಳಾಗುವುದು ಅಲ್ಲಿಂದಲೇ, ನೋಡುವವರ ಕಣ್ಣು ಹೋಗುವುದೂ ಅಲ್ಲಿಗೇ.

ತುಟಿಯನ್ನು ಯೋಚಿಸಿ. ಹೊರಗೆ ಕೂದಲಿನ ಚರ್ಮ, ಒಳಗೆ ಬಾಯಿಯ ತೊಗಲು, ನಡುವೆ ಮಾಂಸ. ಹೊರಗಿನಿಂದ ಎಷ್ಟು ಉಪ್ಪು ಹಚ್ಚಿದರೂ ಆ ನಡುವಿನ ಮಾಂಸಕ್ಕೆ ತಲುಪುವುದಿಲ್ಲ. ಆದ್ದರಿಂದ ತುಟಿಯನ್ನು ಒಳಗಿನಿಂದ ಸೀಳಿ, ಪುಸ್ತಕ ತೆರೆದಂತೆ ಬಿಚ್ಚಿ, ಮಾಂಸ ತೆಗೆಯಬೇಕು. ಕಿವಿಯಲ್ಲಿ ಮೆದು ಎಲುಬಿನ ಹಾಳೆ ಇದೆ. ಅದರ ಹಿಂಬದಿಯಿಂದ ಚರ್ಮವನ್ನು ಬಿಡಿಸುತ್ತಾ, ಕಾಲುಚೀಲವನ್ನು ಒಳಮಗ್ಗುಲಾಗಿ ತಿರುಗಿಸಿದ ಹಾಗೆ ಅಂಚಿನ ತನಕ ತಿರುಗಿಸಬೇಕು. ಮೂಗಿನ ಹೊಳ್ಳೆ, ಕಣ್ಣಿನ ರೆಪ್ಪೆಗೂ ಇದೇ ಕ್ರಮ. ಕಣ್ಣಿನ ಸುತ್ತ ಕೊಯ್ಯುವಾಗ ಗೂಡಿನೊಳಗೆ ಒಂದು ಬೆರಳಿಟ್ಟುಕೊಂಡು ಚಾಕು ಎಲ್ಲಿದೆ ಅಂತ ತಿಳಿಯುತ್ತಾ ಹೋಗಬೇಕು. ಕೂದಲೆಳೆಯಷ್ಟು ತಪ್ಪಿದರೂ ರೆಪ್ಪೆ ಹರಿಯುತ್ತದೆ. ಇದು ಓದಿ ಕಲಿಯುವ ಕೆಲಸವಲ್ಲ. ಆದ್ದರಿಂದಲೇ ಅಮೆರಿಕದ ಟ್ಯಾಕ್ಸಿಡರ್ಮಿಸ್ಟ್‌ಗಳು ಗಿರಾಕಿಗಳಿಗೆ ಹೇಳುವುದು ಒಂದೇ ಮಾತು: ಮುಖವನ್ನು ಮುಟ್ಟಬೇಡಿ. ಚರ್ಮವನ್ನು ತಲೆಬುರುಡೆಯ ಬುಡದ ತನಕ ಬಿಡಿಸಿ, ಅಲ್ಲಿ ಕುತ್ತಿಗೆಯ ಕೀಲು ಬಿಡಿಸಿ, ತಲೆಯನ್ನು ಹಾಗೇ ತನ್ನಿ. ಒಂದು ದಿನದಲ್ಲಿ ತರಲು ಆಗದಿದ್ದರೆ ಚೀಲದಲ್ಲಿ ಕಟ್ಟಿ ಫ್ರೀಜರಿನಲ್ಲಿ ಗಟ್ಟಿಯಾಗಿಸಿ.

ಫ್ರೀಜರ್ ಇಲ್ಲದಲ್ಲಿ ಕಾಯುವುದು ಉಪ್ಪು. ಅದು ಹೇಗೆ ಕೆಲಸ ಮಾಡುತ್ತದೆ ಅಂತ ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಮಲೆನಾಡಿನ ಅಡುಗೆಮನೆಯಲ್ಲಿ ಮಿಡಿಮಾವಿಗೆ ಉಪ್ಪು ಹಾಕಿ ಭರಣಿಯಲ್ಲಿಟ್ಟರೆ ಕೆಲವೇ ದಿನದಲ್ಲಿ ಮಿಡಿ ಸುಕ್ಕಾಗಿ, ಭರಣಿ ತುಂಬಾ ನೀರು ಬಿಟ್ಟಿರುತ್ತದೆ ಅಲ್ವಾ? ಕರಾವಳಿಯ ಒಣಮೀನಿನ ಗುಟ್ಟೂ ಅದೇ. ಉಪ್ಪು ನೀರನ್ನು ಹೊರಗೆಳೆಯುತ್ತದೆ. ನೀರಿಲ್ಲದಿದ್ದರೆ ಬ್ಯಾಕ್ಟೀರಿಯಾ ಬೆಳೆಯುವುದಿಲ್ಲ.

ಆದರೆ ಚರ್ಮಕ್ಕೆ ಉಪ್ಪು ಹಾಕುವಾಗ ಕೆಲವು ಸಂಗತಿ ತಪ್ಪಿದರೆ ಹಾಕಿದ್ದೇ ವ್ಯರ್ಥ. ಮೊದಲನೆಯದಾಗಿ ಅಂಟಿಕೊಂಡ ಮಾಂಸ, ಕೊಬ್ಬನ್ನೆಲ್ಲ ಹೆರೆದು ತೆಗೆಯಬೇಕು. ಕೊಬ್ಬಿನ ಪದರ ದಾಟಿ ಉಪ್ಪು ಚರ್ಮಕ್ಕೆ ಇಳಿಯುವುದಿಲ್ಲ. ಕಲ್ಲುಪ್ಪಿನ ಹರಳು ಬೇಡ, ನಡುನಡುವೆ ಖಾಲಿ ಜಾಗ ಬಿಡುತ್ತದೆ. ಅಯೋಡಿನ್ ಸೇರಿಸದ ಪುಡಿ ಉಪ್ಪು ಬೇಕು. ಎಷ್ಟು? ಚರ್ಮದ ತೂಕದಷ್ಟೇ ಅನ್ನುವುದು ಈ ಕೆಲಸದವರ ಅಂದಾಜು. ಚಿಮುಕಿಸಿದರೆ ಸಾಲದು. ಮಾಂಸ ಇದ್ದ ಬದಿಗೆ ಉಜ್ಜಿ ಉಜ್ಜಿ ಹಚ್ಚಬೇಕು. ಅಂಚು ಸುರುಳಿಕೊಂಡ ಜಾಗ, ಕಿವಿಯ ಒಳಮಗ್ಗುಲು, ತುಟಿಯ ಸೀಳು ಯಾವುದೂ ಬಿಡಬಾರದು. ಉಪ್ಪು ಮುಟ್ಟದ ಒಂದು ರೂಪಾಯಿ ಅಗಲದ ಜಾಗದಲ್ಲೂ ಕೂದಲು ಉದುರುತ್ತದೆ. ಆಮೇಲೆ ಮಡಚಿ ಇಳಿಜಾರಿನಲ್ಲಿಟ್ಟರೆ ನೀರು ಹರಿದುಹೋಗುತ್ತದೆ. ಮಾರನೆಯ ದಿನ ಒದ್ದೆಯಾದ ಉಪ್ಪನ್ನು ಕೊಡವಿ ಹೊಸ ಉಪ್ಪು ಹಚ್ಚಿ, ನೆರಳಿನಲ್ಲಿ, ಗಾಳಿಯಾಡುವ ಕಡೆ ಒಣಗಲು ಬಿಡಬೇಕು.

ನೆರಳು ಅನ್ನುವುದನ್ನು ಒತ್ತಿ ಹೇಳುತ್ತೇನೆ. ಹಪ್ಪಳ ಸಂಡಿಗೆ ಒಣಹಾಕಿದ ಅಭ್ಯಾಸದಲ್ಲಿ ನಮಗೆ ಬಿಸಿಲೇ ಸರಿ ಅನ್ನಿಸುತ್ತದೆ. ಚರ್ಮಕ್ಕೆ ಅದು ಸಲ್ಲದು. ಹಿಂದೆ ಬಡಗಿಗಳು ಮರ ಅಂಟಿಸಲು ಬಳಸುತ್ತಿದ್ದ ಅಂಟು ತೊಗಲನ್ನು ಬೇಯಿಸಿ ಮಾಡಿದ್ದೇ. ಒದ್ದೆ ಚರ್ಮ ಸುಡು ಬಿಸಿಲಿನಲ್ಲಿ ಬಿದ್ದರೆ ಅದೂ ಅಂಟಾಗುವ ದಾರಿ ಹಿಡಿಯುತ್ತದೆ. ಮೇಲೆ ಗಟ್ಟಿಯಾಗಿ ಒಣಗಿದಂತೆ ಕಾಣುತ್ತದೆ, ಆಮೇಲೆ ಹದ ಹಾಕಲು ನೆನೆಸಿದರೆ ತುಂಡು ತುಂಡಾಗುತ್ತದೆ. ಇನ್ನೊಂದು ಎಚ್ಚರಿಕೆ: ಉಪ್ಪು ಹಾಕಿದ ಚರ್ಮವನ್ನು ಫ್ರೀಜರಿನಲ್ಲಿ ಇಡಬಾರದು. ಉಪ್ಪುನೀರು ಸುಲಭಕ್ಕೆ ಹೆಪ್ಪುಗಟ್ಟುವುದಿಲ್ಲ. ಅತ್ತ ಒಣಗದೆ, ಇತ್ತ ಗಟ್ಟಿಯಾಗದೆ ಒಳಗೇ ಕೆಡುತ್ತದೆ.

ಹಕ್ಕಿ, ಮೀನಿಗೆ ಈ ನಿಯಮಗಳೇ ಬೇರೆ. ಹಕ್ಕಿಯ ಹೊಟ್ಟೆ ಸೀಳಬಾರದು. ಕೊಕ್ಕಿನೊಳಗೆ, ಗಾಯದ ಮೇಲೆ ಹತ್ತಿ ಇಟ್ಟು ರಕ್ತ ಗರಿಗೆ ತಾಗದಂತೆ ನೋಡಿಕೊಂಡು, ತಲೆಯನ್ನು ರೆಕ್ಕೆಯ ಕೆಳಗೆ ಮಡಚಿ, ಗರಿ ಬಾಗದಂತೆ ಚೀಲಕ್ಕೆ ಹಾಕಿ ಫ್ರೀಜರಿನಲ್ಲಿ ಇಡುತ್ತಾರೆ. ರಕ್ತ ತಾಗಿದ್ದರೆ ತಣ್ಣೀರಿನಲ್ಲೇ ಒರೆಸಬೇಕು. ಬಿಸಿನೀರು ಕಲೆಯನ್ನು ಕಚ್ಚಿಸಿಬಿಡುತ್ತದೆ. ಮೀನನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಹಾಗೇ ಗಟ್ಟಿಯಾಗಿಸುತ್ತಾರೆ. ಅದರ ಬಣ್ಣ ನೀರಿನಿಂದ ತೆಗೆದ ಸ್ವಲ್ಪ ಹೊತ್ತಿಗೇ ಮಾಸುವುದರಿಂದ ಫೋಟೊ ಮೊದಲು ಬೇಕು. ಈಗ ಬಹಳ ಮಂದಿ ಅಳತೆ ಮತ್ತು ಫೋಟೊ ತೆಗೆದುಕೊಂಡು ಮೀನನ್ನು ನೀರಿಗೇ ಬಿಡುತ್ತಾರೆ. ಗೋಡೆಯ ಮೇಲಿನದು ಫೈಬರ್‌ಗ್ಲಾಸಿನ ಮೀನು. ನನಗೆ ಇದು ತುಂಬಾ ಇಷ್ಟವಾದ ಬದಲಾವಣೆ.

ಅಮೆರಿಕದಲ್ಲಿರುವ ಕನ್ನಡಿಗರು ಬೇಟೆಯಾಡುವ ಗೆಳೆಯರ ಜೊತೆ ಹೋಗುವುದಿದ್ದರೆ ಇನ್ನೊಂದು ಸಂಗತಿ ತಿಳಿದಿರಲಿ. ಅಲ್ಲಿನ ಜಿಂಕೆಗಳಲ್ಲಿ ಕ್ರಾನಿಕ್ ವೇಸ್ಟಿಂಗ್ ಡಿಸೀಸ್ ಎಂಬ ಮೆದುಳಿನ ರೋಗವಿದೆ. ಮೊದಲು ಕಂಡದ್ದು 1967ರಲ್ಲಿ, ಕೊಲರಾಡೊದಲ್ಲಿ. ರೋಗಕ್ಕೆ ಕಾರಣವಾದ ಪ್ರಿಯಾನ್ ಎಂಬ ಪ್ರೋಟೀನು ಮೆದುಳು, ಬೆನ್ನುಹುರಿಯಲ್ಲಿ ಹೆಚ್ಚು ಇರುತ್ತದೆ. ಅದಕ್ಕೇ ರೋಗ ಇರುವ ಪ್ರದೇಶದಿಂದ ಇಡೀ ತಲೆಯನ್ನು ಹೊರಗೆ ಒಯ್ಯಲು ಅನೇಕ ರಾಜ್ಯಗಳು ಬಿಡುವುದಿಲ್ಲ. ಆ ರಾಜ್ಯದ ನಿಯಮ ನೋಡಿಯೇ ಹೊರಡಬೇಕು. ಕೈಗವಸು ಎಲ್ಲಿದ್ದರೂ ಬೇಕು.

ನಮ್ಮ ದೇಶದ ಮಾತು ಪೂರ್ತಿ ಬೇರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಶಿಕಾರಿಯ ಕಾಲವನ್ನು ಮುಗಿಸಿತು. ಮುಗಿಸಿದ್ದು ಒಳ್ಳೆಯದಾಯಿತು. ಇವತ್ತು ಇಲ್ಲಿ ಕಾಡುಪ್ರಾಣಿ ತಾನಾಗಿ ಸತ್ತು ಸಿಕ್ಕಿದರೂ ಅದು ಸರ್ಕಾರದ ಸ್ವತ್ತು. ರಸ್ತೆಯಲ್ಲಿ ವಾಹನಕ್ಕೆ ಸಿಕ್ಕಿ ಸತ್ತ ಪ್ರಾಣಿಯನ್ನು ಕಂಡರೆ ಮುಟ್ಟದೆ ಅರಣ್ಯ ಇಲಾಖೆಗೆ ತಿಳಿಸಬೇಕು. ಮಲೆನಾಡಿನಲ್ಲಂತೂ ಸತ್ತ ಮಂಗದ ಹತ್ತಿರ ಹೋಗಲೇಬಾರದು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಮಂಗನ ಕಾಯಿಲೆ ಉಣ್ಣೆಗಳಿಂದ ಹರಡುತ್ತದೆ. ಮಂಗ ಸತ್ತಾಗ ಅದರ ಮೈಮೇಲಿನ ಉಣ್ಣೆಗಳು ಕೆಳಗಿಳಿಯುತ್ತವೆ. ಕಾಡಿನಲ್ಲಿ ಸತ್ತ ಹುಲಿಯನ್ನು ಮರಣೋತ್ತರ ಪರೀಕ್ಷೆ ಮಾಡಿ ಸುಟ್ಟುಬಿಡುತ್ತಾರೆ, ಚರ್ಮವಾಗಲಿ ಉಗುರಾಗಲಿ ಮಾರುಕಟ್ಟೆಗೆ ಸೇರಬಾರದು ಅಂತ.

ಹಾಗಂತ ಈ ವಿದ್ಯೆ ಇಲ್ಲಿ ಸತ್ತಿಲ್ಲ. ಮುಂಬೈನ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದಲ್ಲಿ 2009ರಿಂದ ಒಂದು ಟ್ಯಾಕ್ಸಿಡರ್ಮಿ ಕೇಂದ್ರ ಇದೆ. ಪಶುವೈದ್ಯ ಕಾಲೇಜಿನಲ್ಲಿ ಅಂಗರಚನೆ ಕಲಿಸುವ ಡಾ. ಸಂತೋಷ್ ಗಾಯಕ್ವಾಡ್ ಅದರ ಹಿಂದಿರುವವರು. ಮೃಗಾಲಯದಂಥ ಕಡೆ ವಯಸ್ಸಾಗಿಯೋ ರೋಗದಿಂದಲೋ ಸತ್ತ ಪ್ರಾಣಿಗಳನ್ನು ಇಲಾಖೆಯ ಅನುಮತಿಯಿಂದ ಅಲ್ಲಿ ಉಳಿಸಿಕೊಳ್ಳುತ್ತಾರೆ, ಮಕ್ಕಳಿಗೆ ಕಲಿಸಲು. ಮೃಗಾಲಯದ ಹುಲಿ ರಾತ್ರಿ ಸತ್ತರೂ ಗಡಿಯಾರ ಓಡುವುದು ಅದೇ ವೇಗದಲ್ಲಿ. ಅಲ್ಲಿನ ವೈದ್ಯರು ಮರಣೋತ್ತರ ಪರೀಕ್ಷೆಗೆ ಚಾಕು ಎಲ್ಲಿ ಇಡುತ್ತಾರೆ, ಮೈಯನ್ನು ಎಷ್ಟು ಬೇಗ ತಣ್ಣಗೆ ಮಾಡುತ್ತಾರೆ ಅನ್ನುವುದರ ಮೇಲೆ ಆ ಚರ್ಮ ಉಳಿಯುವುದು ನಿಂತಿದೆ.

ಮುಂದಿನ ಸಲ ಅರಮನೆಯಲ್ಲೋ ಮ್ಯೂಸಿಯಂನಲ್ಲೋ ಹಳೆಯ ಹುಲಿಯ ಮುಂದೆ ನಿಂತಾಗ ಹಲ್ಲು ನೋಡುವುದಕ್ಕಿಂತ ಮೊದಲು ಕಿವಿಯ ಅಂಚು ನೋಡಿ. ಅಲ್ಲಿ ಕೂದಲು ಒತ್ತಾಗಿ ಇದೆಯಾ, ಬೋಳಾದ ತೇಪೆ ಇದೆಯಾ? ಆಮೇಲೆ ರೆಪ್ಪೆ, ತುಟಿಯ ಮೂಲೆ, ಹೊಟ್ಟೆಯ ಹೊಲಿಗೆಯ ಸಾಲು. ಮುಟ್ಟಬೇಡಿ ಮಾತ್ರ. ಹುಳ ಹಿಡಿಯದಿರಲಿ ಅಂತ ಆ ಕಾಲದಲ್ಲಿ ಚರ್ಮಗಳಿಗೆ ಆರ್ಸೆನಿಕ್ ಹಚ್ಚುತ್ತಿದ್ದರು, ಅದು ಎಷ್ಟು ವರ್ಷವಾದರೂ ಹಾಗೇ ಇರುತ್ತದೆ. ಕಿವಿಯ ಅಂಚಿನ ತನಕ ಕೂದಲು ತುಂಬಿಕೊಂಡಿದ್ದರೆ, ಆ ರಾತ್ರಿ ಬಿಡಾರದಲ್ಲಿ ಲಾಂದ್ರದ ಬೆಳಕಿನಲ್ಲಿ ಕೂತು, ನಿದ್ದೆಗೆಟ್ಟು, ಕಿವಿಯನ್ನು ಒಳಮಗ್ಗುಲಾಗಿ ತಿರುಗಿಸಿ ಉಪ್ಪು ಹಚ್ಚಿದ ಒಬ್ಬ ಕೆಲಸಗಾರ ಇದ್ದ. ಅವನ ಹೆಸರು ಯಾವ ಫಲಕದ ಮೇಲೂ ಇಲ್ಲ.